ಮೂಲನಿವಾಸಿಗಳ ನೆಲದ ದೂರನ್ನು ವಿಶ್ವಸಂಸ್ಥೆಗೆ ಒಯ್ಯುವ ಬಗೆ

ದೂರು ಬರೆಯುವ ಮುನ್ನ ದೇಶ ಯಾವ ಒಪ್ಪಂದಗಳನ್ನು ಅನುಮೋದಿಸಿದೆ ಎಂದು ನೋಡಿಕೊಳ್ಳಿ. ಮೂಲನಿವಾಸಿಗಳಿಗೆ ಸ್ವಯಂನಿರ್ಣಯದ, ಅಂದರೆ ತಮ್ಮ ಬದುಕಿನ ದಾರಿಯನ್ನು ತಾವೇ ನಿರ್ಧರಿಸುವ ಹಕ್ಕಿದೆ ಎಂದು ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆ ಘೋಷಣೆಯ 3ನೇ ವಿಧಿ ನೇರವಾಗಿಯೇ ಹೇಳುತ್ತದೆ. ಆದರೆ ಘೋಷಣೆ ಒಪ್ಪಂದವಲ್ಲ. ಅದೊಂದನ್ನೇ ನೆಚ್ಚಿ ದೂರು ಕೊಟ್ಟರೆ ವಿಚಾರಿಸುವ ಸಮಿತಿ ಇಲ್ಲ. ಅದನ್ನು ಪೂರಕ ವಾದಕ್ಕೆ ಬಳಸಿ.

ದೇಶವು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನೂ ಅದರ ಮೊದಲ ಐಚ್ಛಿಕ ಪ್ರೋಟೋಕಾಲನ್ನೂ (ವ್ಯಕ್ತಿಗಳು ದೂರು ಕೊಡಲು ದಾರಿ ಮಾಡುವ ಪೂರಕ ಒಪ್ಪಂದ) ಒಪ್ಪಿದ್ದರೆ, ಆ ಒಡಂಬಡಿಕೆಯ ಪಾಲನೆ ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿಗೆ ಹೋಗಬಹುದು. ಎಡವುವುದು ಇಲ್ಲೇ. ಒಡಂಬಡಿಕೆಯ 1ನೇ ವಿಧಿಯಲ್ಲಿ ಸ್ವಯಂನಿರ್ಣಯ ಇದೆಯಲ್ಲ ಎಂದು ಅದನ್ನೇ ಹಿಡಿದು ಬರೆದರೆ ದೂರು ನಿಲ್ಲುವುದಿಲ್ಲ. ಪ್ರೋಟೋಕಾಲಿನಡಿ ವ್ಯಕ್ತಿಗಳ ಹಕ್ಕನ್ನಷ್ಟೇ ಕೇಳಬಹುದೆಂದು ಕೆನಡಾದ ಲೂಬಿಕಾನ್ ಲೇಕ್ ಮೂಲನಿವಾಸಿ ಸಮುದಾಯದ ಪ್ರಕರಣದಲ್ಲಿ ಸಮಿತಿ 1990ರಲ್ಲೇ ಹೇಳಿದೆ. ಆ ಸಮುದಾಯಕ್ಕೆ ದಕ್ಕಿದ್ದು 27ನೇ ವಿಧಿ, ಅಂದರೆ ಅಲ್ಪಸಂಖ್ಯಾತರು ತಮ್ಮ ಸಂಸ್ಕೃತಿಯನ್ನು ಬಾಳುವ ಹಕ್ಕು.

ಆದ್ದರಿಂದ ದೂರುದಾರರು ಹೆಸರುಳ್ಳ ವ್ಯಕ್ತಿಗಳಾಗಿರಲಿ. ಅವರ ಪರವಾಗಿ ಸಂಘಟನೆ ಬರೆಯುವುದಾದರೆ ಲಿಖಿತ ಒಪ್ಪಿಗೆ ಲಗತ್ತಿಸಿ. ‘ನಮ್ಮ ನೆಲ ಹೋಯಿತು’ ಎಂದರೆ ಸಾಲದು. ಯಾವ ಯೋಜನೆಯಿಂದ ಯಾವ ಕಸುಬು ಎಷ್ಟು ಕುಸಿಯಿತು, ಆ ಕಸುಬು ಸಂಸ್ಕೃತಿಯ ಭಾಗ ಹೇಗೆ ಎಂದು ತೋರಿಸಿ. ಪೆರುವಿನಲ್ಲಿ ಸರ್ಕಾರ ನೀರು ತಿರುಗಿಸಿದ್ದರಿಂದ ಪಶುಪಾಲನೆ ಹಾಳಾದ ಪ್ರಕರಣದಲ್ಲಿ, ಬರೀ ಸಮಾಲೋಚನೆ ಸಾಲದು, ಮುಕ್ತವಾದ, ಮುಂಚಿತವಾದ, ತಿಳಿದು ಕೊಟ್ಟ ಒಪ್ಪಿಗೆ ಬೇಕು ಎಂದು ಸಮಿತಿ 2009ರಲ್ಲಿ ಹೇಳಿತು. ಸಭೆಯ ನೋಟಿಸು, ಅದು ಯಾವ ಭಾಷೆಯಲ್ಲಿತ್ತು, ಕೆಲಸ ಶುರುವಾದ ದಿನ ಇವೆಲ್ಲ ಇದಕ್ಕೇ ಬೇಕು.

ದೇಶದ ಕೋರ್ಟುಗಳ ದಾರಿ ಮುಗಿದಿರಬೇಕು. ‘ಅಲ್ಲಿ ನ್ಯಾಯ ಸಿಗದು’ ಎಂಬ ಅನುಮಾನ ನೆಪವಾಗುವುದಿಲ್ಲ. ವಿಪರೀತ ವಿಳಂಬವಾಗಿದ್ದರೆ ತಾರೀಖುಗಳ ಸಹಿತ ತೋರಿಸಿ. ಅಂತಿಮ ತೀರ್ಪಿನಿಂದ 5 ವರ್ಷ ದಾಟಿದರೆ ತಡವೆಂದು ತಿರಸ್ಕರಿಸಬಹುದು. ಅದೇ ವಿಷಯ ಬೇರೊಂದು ಅಂತರರಾಷ್ಟ್ರೀಯ ವಿಚಾರಣೆಯಲ್ಲಿ ಇರಬಾರದು. ಬುಲ್ಡೋಜರ್ ಬಂದೇಬಿಟ್ಟಿದ್ದರೆ ಮಧ್ಯಂತರ ಕ್ರಮದ (ದೂರು ಇತ್ಯರ್ಥವಾಗುವ ತನಕ ಹಾನಿ ತಡೆಯುವಂತೆ ದೇಶವನ್ನು ಕೇಳುವ) ಕೋರಿಕೆಯನ್ನು ಮೊದಲ ಪುಟದಲ್ಲೇ ಬರೆಯಿರಿ.

ಪ್ರೋಟೋಕಾಲ್ ಒಪ್ಪದ ದೇಶವಾದರೆ? ವಿಶ್ವಸಂಸ್ಥೆ ನೇಮಿಸುವ ಸ್ವತಂತ್ರ ತಜ್ಞರಾದ ಮೂಲನಿವಾಸಿಗಳ ಹಕ್ಕುಗಳ ವಿಶೇಷ ವರದಿಗಾರರಿಗೆ ಬರೆಯಿರಿ. ಅಲ್ಲಿ ಅನುಮೋದನೆಯೂ ಬೇಡ, ಕೋರ್ಟು ಮುಗಿಸಿರುವುದೂ ಬೇಡ. ಅವರು ಸರ್ಕಾರಕ್ಕೆ ಪತ್ರ ಬರೆದರೆ ಸಾಮಾನ್ಯವಾಗಿ 60 ದಿನಗಳ ನಂತರ ಅದು ಬಹಿರಂಗವಾಗುತ್ತದೆ. ಸಂತ್ರಸ್ತರ ಹೆಸರು ಸರ್ಕಾರಕ್ಕೆ ತಿಳಿಸಬಹುದೇ, ಪ್ರಕಟಿಸಬಹುದೇ ಎಂದು ಬೇರೆ ಬೇರೆಯಾಗಿ ಕೇಳಿಕೊಂಡು ನಮೂದಿಸಿ. ಮೂಲನಿವಾಸಿಗಳ ಕುರಿತ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) 169ನೇ ಒಡಂಬಡಿಕೆಯಡಿ ಸಮುದಾಯ ನೇರವಾಗಿ ದೂರು ಕೊಡಲಾಗದು; ಕಾರ್ಮಿಕರ ಅಥವಾ ಮಾಲೀಕರ ಸಂಘವೊಂದರ ಮೂಲಕವೇ ಹೋಗಬೇಕು.