ಮಹಡಿಗೆ ಎರಡನೇ ರೌಟರ್ ಹಾಕುವಾಗ ಡಿಎಚ್‌ಸಿಪಿ ಆಫ್ ಮಾಡಲು ಮರೆಯಬೇಡಿ

ಮಂಗಳೂರು, ಉಡುಪಿ ಕಡೆಯ ಕೆಂಪುಕಲ್ಲಿನ ಮನೆಗಳಲ್ಲಿ ವೈಫೈ ಮಹಡಿ ಹತ್ತುವುದು ಕಷ್ಟ. ಗೋಡೆ ದಪ್ಪ, ನಡುವೆ ಕಾಂಕ್ರೀಟ್ ಸ್ಲ್ಯಾಬ್. 5 ಗಿಗಾಹರ್ಟ್ಸ್ ಸಿಗ್ನಲ್ ಅಂತೂ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಆಗ ಜನ ಏನು ಮಾಡುತ್ತಾರೆ? ಕಪಾಟಿನಲ್ಲಿ ಬಿದ್ದಿದ್ದ ಹಳೇ ರೌಟರ್ ತೆಗೆದು, ಕೆಳಗಿನಿಂದ ಒಂದು ಕೇಬಲ್ ಎಳೆದು, ಸಿಕ್ಕಿದ ತೂತಿಗೆ ಚುಚ್ಚುತ್ತಾರೆ. ಆ ದಿನ ನೆಟ್ ಬರುತ್ತದೆ. ಮರುದಿನ ಅಮ್ಮನ ಫೋನಿಗೆ ಬರುತ್ತದೆ, ಮಗನ ಲ್ಯಾಪ್‌ಟಾಪಿಗೆ ಇಲ್ಲ. ಕಂಪನಿಯವರಿಗೆ ಫೋನ್ ಮಾಡಿ ಬೈಯುವುದು ಅಲ್ಲಿಂದ ಶುರು. ಲೈನ್ ಮಾತ್ರ ಸರಿಯಾಗಿಯೇ ಇರುತ್ತದೆ. ತೊಂದರೆ ಮಹಡಿ ರೌಟರ್‌ನ ಡಿಎಚ್‌ಸಿಪಿಯದು, ಅಂದರೆ ಮನೆಯ ಫೋನು, ಲ್ಯಾಪ್‌ಟಾಪುಗಳಿಗೆ ಐಪಿ (ನೆಟ್‌ವರ್ಕಿನಲ್ಲಿ ಅವುಗಳ ಸಂಖ್ಯೆಯ ವಿಳಾಸ) ಹಂಚುವ ವ್ಯವಸ್ಥೆಯದು.

ಎಡವಟ್ಟು ಎಲ್ಲಿ ಆಯಿತು ಅಂತ ತಿಳಿಯಬೇಕಾದರೆ ಪದರಗಳ ಲೆಕ್ಕ ಸ್ವಲ್ಪ ಗೊತ್ತಿರಬೇಕು. ನೆಟ್‌ವರ್ಕಿನ ಕೆಲಸವನ್ನು ಏಳು ಪದರಗಳಾಗಿ ಬಿಡಿಸಿಡುವ ಓಎಸ್‌ಐ ಮಾದರಿ 1984ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಬಂತು. ನಮಗೆ ಏಳೂ ಬೇಡ, ಕೆಳಗಿನ ಮೂರು ಸಾಕು. ಒಂದನೆಯದು ತಂತಿ ಮತ್ತು ರೇಡಿಯೊ. ಎರಡನೆಯದು ಮನೆಯೊಳಗಿನ ಓಡಾಟ, ಇಲ್ಲಿ ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಯಂತ್ರಾಂಶದ ಗುರುತು) ನೋಡಿ ಡೇಟಾ ಹೋಗುತ್ತದೆ. ಮೂರನೆಯದು ಐಪಿ, ಅಂದರೆ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ಹಿಡಿಯುವುದು. ಆ ಮೂರನೇ ಕೆಲಸವನ್ನು ಕೆಳಗಿನ ರೌಟರ್ ಆಗಲೇ ಮಾಡುತ್ತಿದೆ. ಮಹಡಿಯ ರೌಟರ್ ಎರಡನೇ ಪದರದಲ್ಲೇ ನಿಲ್ಲಬೇಕು. ಒಂದೇ ಮನೆಗೆ ಇಬ್ಬರು ಯಜಮಾನರು ಬೇಡ.

ಮೊದಲು ಕೇಬಲ್. ಕ್ಯಾಟ್ 6 ತೆಗೆದುಕೊಳ್ಳಿ, 100 ಮೀಟರ್ ಒಳಗೆ ಇರಲಿ. ಅಂಗಡಿಯಲ್ಲಿ ಕಡಿಮೆ ರೇಟಿಗೆ ಕೊಡುವ ಕೇಬಲ್ ಎಷ್ಟೋ ಸಲ ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಆಗಿರುತ್ತದೆ. ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಅದು ಬೇಗ ಮುರಿಯುತ್ತದೆ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು; ಒಂದು ಕೈಕೊಟ್ಟರೂ ವೇಗ 100 ಎಂಬಿಪಿಎಸ್‌ಗೆ ಇಳಿಯಬಹುದು, ಇಲ್ಲವೇ ಲಿಂಕೇ ಹೋಗಬಹುದು. ಮನೆಯಿಂದ ಹೊರಗೆ, ತೋಟದ ಆಚೆಯ ಕಟ್ಟಡಕ್ಕೆ ಎಳೆಯುವುದಾದರೆ ತಾಮ್ರ ಬೇಡವೇ ಬೇಡ, ಫೈಬರ್ ಹಾಕಿಸಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ವಾ, ತಾಮ್ರದ ತಂತಿಯಲ್ಲಿ ಕರೆಂಟ್ ನುಗ್ಗಿದರೆ ಎರಡೂ ತುದಿಯ ರೌಟರ್ ಹೋಗುತ್ತದೆ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಕೇಬಲ್ ಬದಲು ವೈಫೈ ರಿಪೀಟರ್ ಸಾಕಾ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಳ್ಳಬೇಕು, ಅದರಲ್ಲೇ ಮತ್ತೆ ಹೇಳಬೇಕು. ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಕೇಬಲ್ ಇನ್ನೂ ಚುಚ್ಚಬೇಡಿ. ಹಳೇ ರೌಟರನ್ನು ಪಿನ್ ಒತ್ತಿ ರೀಸೆಟ್ ಮಾಡಿ. ಹಳೆಯದನ್ನು ಮಾತ್ರ, ಕಂಪನಿಯವರು ಕೊಟ್ಟ ಕೆಳಗಿನದಕ್ಕೆ ಪಿನ್ ಮುಟ್ಟಿಸಬೇಡಿ, ಅದರೊಳಗಿನ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿ ಹೋದರೆ ನೆಟ್ಟೇ ಇಲ್ಲ. ಕೆಳಗಿನ ರೌಟರ್‌ನ ವಿಳಾಸ ಬರೆದಿಟ್ಟುಕೊಳ್ಳಿ. ಕೆಳಗಿನ ವೈಫೈಗೆ ಸೇರಿರುವ ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಅಂತ ಕೊಟ್ಟರೆ ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ಬಾಗಿಲು) ಎಂಬಲ್ಲಿ ಕಾಣುತ್ತದೆ. 192.168.1.1 ಅಂತ ಇಟ್ಟುಕೊಳ್ಳೋಣ. ಆಮೇಲೆ ಲ್ಯಾಪ್‌ಟಾಪನ್ನು ಹಳೇ ರೌಟರಿಗೆ ಮಾತ್ರ ಜೋಡಿಸಿ ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ (ದಾರಿ ಹಿಡಿಯುವ ಕೆಲಸ ಬಿಟ್ಟು ವೈಫೈ ಮಾತ್ರ ಕೊಡುವುದು) ಅಂತ ಇದ್ದರೆ ನಿಮ್ಮ ಅದೃಷ್ಟ, ಅದನ್ನೇ ಆರಿಸಿ, ಉಳಿದದ್ದನ್ನು ಬಹುಪಾಲು ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನಲ್ 1, 6, 11ರ ಪೈಕಿ ಕೆಳಗಿನದು ಬಳಸದೇ ಇರುವುದನ್ನು ಆರಿಸಿ. ಆಮೇಲೆ ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಐಪಿಯನ್ನು 192.168.1.2 ಮಾಡಿ. ಸೇವ್ ಮಾಡಿದ ಕೂಡಲೇ ಪುಟ ನಿಂತುಹೋಗುತ್ತದೆ, ಗಾಬರಿ ಬೇಡ, ವಿಳಾಸ ಬದಲಾಗಿದೆ ಅಷ್ಟೇ. ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ. ಇದು ಕೊನೆಗೆ ಇರಲಿ. ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ಐಪಿ ಸಿಗದೆ 169.254 ಅಂತ ಶುರುವಾಗುವ ವಿಳಾಸ ಕಾಣುತ್ತದೆ, ನೀವು ಹೊರಗೆ ಉಳಿಯುತ್ತೀರಿ.

ಡಿಎಚ್‌ಸಿಪಿ ಬಗ್ಗೆ ಇಷ್ಟು ಯಾಕೆ ಹೇಳುತ್ತೇನೆ ಅಂದರೆ, ಫೋನ್ ವೈಫೈಗೆ ಸೇರಿದ ಕೂಡಲೇ ತನಗೊಂದು ಐಪಿ ಬೇಕು ಅಂತ ಎರಡನೇ ಪದರದಲ್ಲಿ ಇಡೀ ಮನೆಗೆ ಕೂಗುತ್ತದೆ. ಸರ್ವರ್ ಎರಡಿದ್ದರೆ ಇಬ್ಬರೂ ಉತ್ತರ ಕೊಡುತ್ತಾರೆ, ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಫೋನ್ ಹಿಡಿಯುತ್ತದೆ. ಮಹಡಿಯದು ಗೆದ್ದರೆ ಗೇಟ್‌ವೇ ಅಂತ ತನ್ನದೇ ವಿಳಾಸ ಕೊಡುತ್ತದೆ, ಅದರ ಹಿಂದೆ ಇಂಟರ್‌ನೆಟ್ಟೇ ಇಲ್ಲ. ವೈಫೈ ಫುಲ್ ಇದೆ, ನೆಟ್ ಇಲ್ಲ. ಸಿಕ್ಕಿದ ಐಪಿಗೆ ಅವಧಿ ಇರುವುದರಿಂದ ತೊಂದರೆ ಹಾಕಿದ ದಿನವೇ ಕಾಣಬೇಕೆಂದಿಲ್ಲ, ಫೋನ್ ಹೊರಗೆ ಹೋಗಿ ಬಂದು ಮತ್ತೆ ಕೇಳಿದಾಗ ಕಾಣುತ್ತದೆ.

ಕೆಳಗಿನ ರೌಟರ್‌ನಲ್ಲೂ ಒಂದು ಕೆಲಸ ಇದೆ. ಅದು ಐಪಿ ಹಂಚುವ ಪಟ್ಟಿ 192.168.1.2ರಿಂದ ಶುರುವಾಗುತ್ತಿದ್ದರೆ 192.168.1.10ರಿಂದ ಶುರು ಮಾಡಿ. ಇಲ್ಲದಿದ್ದರೆ ಮಹಡಿ ರೌಟರ್‌ನ ವಿಳಾಸವನ್ನೇ ಯಾವುದೋ ಟಿವಿಗೆ ಕೊಟ್ಟುಬಿಡುತ್ತದೆ.

ಈಗ ಕೇಬಲ್. ಲ್ಯಾನ್ ತೂತಿನಿಂದ ಲ್ಯಾನ್ ತೂತಿಗೆ. ಮಹಡಿ ರೌಟರ್‌ನ ಬೇರೆ ಬಣ್ಣದ ವ್ಯಾನ್ ತೂತು (ಹೊರಗಿನ ಇಂಟರ್‌ನೆಟ್ ಲೈನಿಗೆ ಇರುವುದು) ಖಾಲಿ ಬಿಡಿ. ವ್ಯಾನ್‌ಗೆ ಹಾಕಿದರೂ ನೆಟ್ ಬರುತ್ತದಲ್ಲ ಅಂತ ಕೆಲವರು ವಾದಿಸುತ್ತಾರೆ. ಬರುತ್ತದೆ, ಮಹಡಿ ರೌಟರ್‌ನ ಡಿಎಚ್‌ಸಿಪಿ ಆನ್ ಇದ್ದು, ಎರಡೂ ರೌಟರಿನ ಐಪಿ ಶ್ರೇಣಿ ಬೇರೆ ಬೇರೆ ಇದ್ದರೆ. ಆದರೆ ಮಹಡಿ ಬೇರೆಯೇ ನೆಟ್‌ವರ್ಕ್ ಆಗುತ್ತದೆ, ವಿಳಾಸ ಎರಡು ಸಲ ಬದಲಾಗುತ್ತದೆ. ಮೇಲಿನ ಟಿವಿ ಕೆಳಗಿನ ಫೋನಿಗೆ ಕಾಣುವುದಿಲ್ಲ. ಗಟ್ಟಿ ಇರಲಿ ಅಂತ ಎರಡು ಕೇಬಲ್ ಹಾಕಲೇಬೇಡಿ. ಐಪಿಯಲ್ಲಾದರೆ ಪ್ಯಾಕೆಟ್ ಎಷ್ಟು ರೌಟರ್ ದಾಟಬಹುದು ಅನ್ನುವುದಕ್ಕೆ ಮಿತಿ ಇದೆ, ಎರಡನೇ ಪದರದಲ್ಲಿ ಆ ಮಿತಿಯೇ ಇಲ್ಲ. ಒಂದೇ ಕೂಗು ಸುತ್ತಿ ಸುತ್ತಿ ಇಡೀ ಮನೆಯ ನೆಟ್ ನಿಲ್ಲಿಸುತ್ತದೆ.

ಪರೀಕ್ಷೆ ಕೆಳಗಿನ ಪದರದಿಂದ ಮೇಲಕ್ಕೆ. ಲಿಂಕ್ ಲೈಟ್ ಉರಿಯುತ್ತಿದೆಯಾ ನೋಡಿ. ಮಹಡಿಯ ವೈಫೈಗೆ ಸೇರಿ 192.168.1.2ಕ್ಕೆ ಪಿಂಗ್ ಮಾಡಿ (ಆ ವಿಳಾಸದಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್), ಆಮೇಲೆ 192.168.1.1, ಆಮೇಲೆ ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲ್‌ನ 8.8.8.8, ಕೊನೆಗೆ ಒಂದು ವೆಬ್‌ಸೈಟಿನ ಹೆಸರು. ಎಲ್ಲಿ ನಿಲ್ಲುತ್ತದೋ ತೊಂದರೆ ಅಲ್ಲೇ. ಸಂಖ್ಯೆಗೆ ಹೋಗಿ ಹೆಸರಿಗೆ ಹೋಗದಿದ್ದರೆ ಅದು ಹೆಸರನ್ನು ಐಪಿಯಾಗಿ ಬದಲಿಸುವ ಡಿಎನ್‌ಎಸ್‌ನ ತೊಂದರೆ, ಕೇಬಲ್ ಕೀಳುವ ಅಗತ್ಯ ಇಲ್ಲ. ಎಲ್ಲಾ ಆದ ಮೇಲೆ ಹಳೇ ರೌಟರಿನ ತಳದಲ್ಲಿರುವ ಸ್ಟಿಕ್ಕರಿನ ವಿಳಾಸ ಹೊಡೆದುಹಾಕಿ, ಮಾರ್ಕರಿನಲ್ಲಿ ಹೊಸದನ್ನು ಬರೆಯಿರಿ. ಮುಂದೆ ಪಾಸ್‌ವರ್ಡ್ ಬದಲಿಸಬೇಕಾದಾಗ ಅದೇ ಬೇಕಾಗುವುದು.