ಹಳೇ ಪೈಪು: ಕೊಳ್ಳುವ ಮೊದಲು ಓದಲು ಕಲಿಯಿರಿ

ಮಂಗಳೂರಿನ ಕಂಕನಾಡಿಯಲ್ಲಿ ಒಂದು ಹಳೇ ಹಂಚಿನ ಮನೆ ಕೆಡವುತ್ತಿದ್ದರು. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಆ ಮನೆಯ ಅಜ್ಜಿ ನನ್ನ ಕೈಗೆ ಒಂದು ಬಿಸ್ಕೆಟ್ ಡಬ್ಬಿ ಕೊಟ್ಟರು. ಒಳಗೆ ತಂಬಾಕು ಸೇದುವ ಒಂದು ಮರದ ಪೈಪು, ಕುತ್ತಿಗೆಗೆ ತೆಳು ಬೆಳ್ಳಿ ಪಟ್ಟಿ. "ನನ್ನ ಮಾವನದ್ದು. ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಹೋಗಿದ್ದರಂತೆ, ಮಿಲಿಟರಿ ಗುಮಾಸ್ತರಾಗಿ. ಬೇಕಾದ್ರೆ ತಗೊಳ್ಳಿ ಮಾರಾಯ್ರೆ, ಇಲ್ಲದಿದ್ರೆ ಗುಜರಿಗೆ ಹಾಕ್ತೇನೆ" ಅಂದರು.

ನನ್ನ ಸಂಗ್ರಹ ಶುರುವಾದದ್ದು ಆ ಪೈಪಿನಿಂದ. ಬೀಡಿ ಕಟ್ಟುವ ಊರಿನಲ್ಲಿ ಪೈಪು ಅಪರೂಪ. ಆದರೆ ದೊರೆಗಳ ಕಾಲದ ಬಂಗಲೆ, ಹಂಚಿನ ಕಾರ್ಖಾನೆ, ಸೈನ್ಯಕ್ಕೆ ಹೋಗಿ ಬಂದವರ ಮನೆ ಇರುವಲ್ಲಿ ಒಂದೊಂದು ಸಿಗುತ್ತದೆ. ಹಾಗೆ ಸಿಕ್ಕಿದರೆ ಏನು ಮಾಡಬೇಕು ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ. ಇದು ಸೇದುವವರಿಗಲ್ಲ, ಜೋಪಾನ ಮಾಡುವವರಿಗೆ.

ಮೊದಲು: ಯಾವುದರಿಂದ ಮಾಡಿದ್ದು?

ಹಳೇ ಪೈಪುಗಳಲ್ಲಿ ನಾಲ್ಕು ಜಾತಿ ಗುರುತಿಸಲು ಬಂದರೆ ಸಾಕು. ಬಿಳಿ ಜೇಡಿಮಣ್ಣು, ಪಿಂಗಾಣಿ, ಮೀರ್‌ಶಮ್, ಬ್ರಯರ್.

ಮೀರ್‌ಶಮ್ ಅಂದರೆ ಟರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಹಗುರ ಬಿಳಿ ಖನಿಜ. ಒಣಗಿದ ತುಂಡು ನೀರಲ್ಲಿ ತೇಲುತ್ತದೆ, ಆದರೆ ನಿಮ್ಮ ಪೈಪನ್ನು ದಯವಿಟ್ಟು ಹಾಗೆ ಪರೀಕ್ಷೆ ಮಾಡಬೇಡಿ. ಸೇದಿದಷ್ಟೂ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬ್ರಯರ್ ಎನ್ನುವುದು ಮೆಡಿಟರೇನಿಯನ್ ತೀರದ ಒಂದು ಪೊದೆಯ ಬುಡದ ಗಂಟು. ಬೆಂಕಿಗೆ ಬೇಗ ಸುಡುವುದಿಲ್ಲ. 1850ರ ದಶಕದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಊರು ಇದರ ಕೆಲಸಕ್ಕೆ ಹೆಸರಾಯಿತು. ಹಾಗಾಗಿ ಯಾರಾದರೂ ಬ್ರಯರ್ ಪೈಪು ತೋರಿಸಿ "ಟಿಪ್ಪು ಕಾಲದ್ದು" ಅಂದರೆ ನಂಬಬೇಡಿ. 1783ರಲ್ಲಿ ಟಿಪ್ಪು ನಮ್ಮ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಸಾಮಾನ್ಯ ಇಂಗ್ಲಿಷ್ ಸಿಪಾಯಿಗೆ ಸಿಗುತ್ತಿದ್ದದ್ದು ಮಣ್ಣಿನ ಪೈಪು.

ಮಣ್ಣಿನ ಪೈಪಿನ ವಯಸ್ಸು ತಿಳಿಯಲು ಒಂದು ಚಂದದ ಉಪಾಯವಿದೆ. ಕಾಲ ಕಳೆದಂತೆ ಅದರ ಕೊಳವೆಯ ತೂತು ಸಣ್ಣದಾಗುತ್ತಾ ಬಂತು. 17ನೇ ಶತಮಾನದ ಆರಂಭದಲ್ಲಿ ಇಂಚಿನ 64ರಲ್ಲಿ 9 ಭಾಗ, ಅಂದರೆ ಸುಮಾರು ಮೂರೂವರೆ ಮಿಲಿಮೀಟರ್. 18ನೇ ಶತಮಾನದ ಕೊನೆಗೆ 64ರಲ್ಲಿ 4 ಭಾಗ, ಒಂದೂವರೆ ಮಿಲಿಮೀಟರಿನ ಆಸುಪಾಸು. ಅಮೆರಿಕದ ಹ್ಯಾರಿಂಗ್ಟನ್ ಎಂಬ ಪುರಾತತ್ವಜ್ಞ 1954ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಳೆಯಲು ದೊಡ್ಡ ಸಲಕರಣೆ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಚಿನ ಅಳತೆಯ ಡ್ರಿಲ್ ಬಿಟ್‌ಗಳ ಒಂದು ಸೆಟ್ ತನ್ನಿ. ಬಿಟ್‌ನ ಹಿಂಬದಿಯ ನುಣುಪು ತುದಿಯನ್ನು ಮೆಲ್ಲಗೆ ತೂತಿನೊಳಗೆ ಬಿಡಿ. ಒತ್ತಬೇಡಿ, ತಿರುಗಿಸಬೇಡಿ. ಸಲೀಸಾಗಿ ಹೋಗುವ ಬಿಟ್‌ಗಳಲ್ಲಿ ದೊಡ್ಡದು ಯಾವುದೋ ಅದೇ ಅಳತೆ. ಒಂದೇ ತುಂಡಿನಿಂದ ವರ್ಷ ಹೇಳಲು ಆಗುವುದಿಲ್ಲ. ಒಂದೇ ಜಾಗದ ಹತ್ತಾರು ತುಂಡುಗಳಿದ್ದರೆ ಈ ಲೆಕ್ಕಕ್ಕೆ ಬೆಲೆ ಜಾಸ್ತಿ.

ಆಮೇಲೆ: ಗುರುತು ಹುಡುಕಿ

ಚಿನ್ನದ ಆಚಾರಿಗಳು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ಒಂದು ಇಟ್ಟುಕೊಳ್ಳಿ. ಬೆಳ್ಳಿ ಪಟ್ಟಿಯ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಮುದ್ರೆಗಳಿರುತ್ತವೆ. ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಅಸಲಿ ಬೆಳ್ಳಿ. ಲಂಗರು ಇದ್ದರೆ ಬೆಳ್ಳಿ ಪರೀಕ್ಷೆಯಾದ ಊರು ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಪಕ್ಕದ ಒಂಟಿ ಅಕ್ಷರವೇ ವರ್ಷ, ಅದು ಪ್ರತಿ ವರ್ಷ ಬದಲಾಗುತ್ತದೆ. ಮರದ ಮೇಲಿನ ಅಚ್ಚನ್ನೂ ಓದಿ. ಐರ್ಲೆಂಡಿನ ಡಬ್ಲಿನ್‌ನ ಪೀಟರ್‌ಸನ್ ಕಂಪನಿಯ ಪೈಪಿನ ಮೇಲೆ 'ಐರಿಶ್ ಫ್ರೀ ಸ್ಟೇಟ್' ಅಂತ ಇದ್ದರೆ ಅದು 1914ರ ಯುದ್ಧಕ್ಕೆ ಹೋಗಿರಲು ಸಾಧ್ಯವೇ ಇಲ್ಲ. ಆ ದೇಶ ಹುಟ್ಟಿದ್ದೇ 1922ರಲ್ಲಿ.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ಅಜ್ಜಿ ಕೊಟ್ಟ ಪೈಪಿನ ಬೆಳ್ಳಿ ಕಪ್ಪಾಗಿತ್ತು. ಒಂದು ಅಂಗಡಿಗೆ ಪಾಲಿಶ್ ಮಾಡಲು ಕೊಟ್ಟೆ. ಮಿಂಚುತ್ತಾ ವಾಪಸು ಬಂತು, ಮುದ್ರೆ ಅಳಿಸಿ ಹೋಗಿತ್ತು. ಲೆನ್ಸ್ ಇಟ್ಟು ನೋಡಿದರೆ ಒಂದು ಬಾಲದ ಗೀರು ಮಾತ್ರ ಕಾಣುತ್ತದೆ. ಇವತ್ತಿಗೂ ಅದಕ್ಕೆ ಬೇಜಾರಿದೆ. ಆದ್ದರಿಂದ ಫೋಟೋ ತೆಗೆಯುವ ಮೊದಲು ಏನನ್ನೂ ಉಜ್ಜಬೇಡಿ. ತೆಗೆದ ಮೇಲೂ ಮೆಷಿನ್ ಪಾಲಿಶ್ ಬೇಡ, ಮೆತ್ತಗಿನ ಬಟ್ಟೆ ಸಾಕು.

ಮುದ್ರೆ ಹೋದರೂ ಬಳಸಿದವನ ಗುರುತು ಉಳಿದಿದೆ. ಬಾಯಿಗಿಡುವ ತುದಿಯ ಎಡಬದಿಯಲ್ಲಿ ಹಲ್ಲಿನ ಎರಡು ಗುಳಿ, ಮೇಲಿನದು ಆಳ. ತಂಬಾಕು ತುಂಬುವ ಬಟ್ಟಲಿನ ಅಂಚು ಒಂದೇ ಕಡೆ ಸುಟ್ಟಿದೆ. ಆ ಮನುಷ್ಯ ಎಡಗಡೆ ಕಚ್ಚಿಕೊಂಡು, ಯಾವಾಗಲೂ ಒಂದೇ ಬದಿಯಿಂದ ಕಡ್ಡಿ ಹಿಡಿಯುತ್ತಿದ್ದ. ಇದನ್ನು ಮರಳು ಕಾಗದ ಹಾಕಿ ಸರಿಮಾಡುವವರಿದ್ದಾರೆ. ನನಗೆ ಅದನ್ನು ನೋಡಲು ಆಗುವುದಿಲ್ಲ.

ಸೈನ್ಯದ ಕತೆ ಹೇಳಿದರೆ

ಅತಿ ಹೆಚ್ಚು ಮಾತಾಡುವ ಪೈಪು ಜರ್ಮನಿಯದ್ದು. ಕಡ್ಡಾಯ ಸೇವೆ ಮುಗಿಸಿ ಮನೆಗೆ ಹೋಗುವ ಸೈನಿಕ ಉದ್ದ ಕೊಳವೆಯ ಪಿಂಗಾಣಿ ಪೈಪೊಂದನ್ನು ನೆನಪಿಗೆ ಕೊಳ್ಳುತ್ತಿದ್ದ. ಬಟ್ಟಲಿನ ಮೇಲೆ ಅವನ ಹೆಸರು, ರೆಜಿಮೆಂಟ್, ವರ್ಷ, ಎಷ್ಟೋ ಸಲ ಜೊತೆಗಾರರ ಹೆಸರೂ ಇರುತ್ತದೆ. ನಕಲಿಯೂ ಇದರಲ್ಲೇ ಜಾಸ್ತಿ. ಪರೀಕ್ಷೆ ಸುಲಭ: 1893ರಿಂದ ಕಾಲಾಳುಗಳಿಗೆ ಎರಡು ವರ್ಷ ಸೇವೆ, ಕುದುರೆ ಪಡೆಗೆ ಮೂರು. ಕಾಲಾಳಿನ ಪೈಪಿನ ಮೇಲೆ '1904–1907' ಅಂತಿದ್ದರೆ ಅನುಮಾನ ಪಡಿ. ಲೆನ್ಸ್‌ನಲ್ಲಿ ಚಿತ್ರ ಪೇಪರಿನ ಫೋಟೋ ಹಾಗೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಹೊಸದು.

ಬ್ರಿಟಿಷರ ಕಡೆ ಹುಡುಕಬೇಕಾದದ್ದು 1914ರ ಕ್ರಿಸ್‌ಮಸ್‌ಗೆ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಹಂಚಿದ ಹಿತ್ತಾಳೆ ಡಬ್ಬಿ. ಹೊಗೆಸೊಪ್ಪು ಸೇದುವವನಿಗೆ ಅದರ ಜೊತೆ ಪೈಪು, ಒಂದು ಔನ್ಸ್ ತಂಬಾಕು, 20 ಸಿಗರೇಟು. ಭಾರತದ ಸೈನಿಕರನ್ನೂ ಮರೆತಿರಲಿಲ್ಲ. ಗೂರ್ಖಾಗಳಿಗೆ ಬ್ರಿಟಿಷರಿಗೆ ಕೊಟ್ಟದ್ದೇ. ತಂಬಾಕು ಮುಟ್ಟದ ಸಿಖ್ಖರಿಗೆ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ. ಡಬ್ಬಿ ಸುಲಭವಾಗಿ ಸಿಗುತ್ತದೆ, ಅದರ ಪೈಪು ಸಿಗುವುದು ಕಷ್ಟ. ಯಾವುದೋ ಪೈಪನ್ನು ಡಬ್ಬಿಯಲ್ಲಿಟ್ಟು ಜೋಡಿ ಅಂತ ಮಾರುತ್ತಾರೆ, ಜಾಗ್ರತೆ.

ಕೊಳ್ಳುವಾಗ

100 ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸಬಹುದು. ಅಂಥದ್ದನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ನೀವು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಆನೆದಂತದ ತುದಿ ಇರುವ ಪೈಪನ್ನು ಕೊಳ್ಳಲೇಬೇಡಿ, ವನ್ಯಜೀವಿ ಕಾನೂನಿಗೆ ಸಿಕ್ಕಿಕೊಳ್ಳುತ್ತೀರಿ.

ನಮ್ಮ ಮಳೆಯಲ್ಲಿ ಕಾಪಾಡುವುದು

ಆಟಿ ತಿಂಗಳಲ್ಲಿ ಚಪ್ಪಲಿಗೇ ಬೂಸರು ಬರುವ ಊರು ನಮ್ಮದು, ಪೈಪಿಗೆ ಬಾರದೆ ಇರುತ್ತದಾ? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬಿಟ್ಟ ದಿನ ತೆರೆದು ನೋಡಿ. ಆದರೆ ಬಿಸಿಲಲ್ಲಿ ಇಡಬೇಡಿ. ಕಪ್ಪು ಬಾಯಿತುದಿ ಹೆಚ್ಚಾಗಿ ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆಳಕು ಬಿದ್ದರೆ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಅದರ ಗಂಧಕವೇ ಬೆಳ್ಳಿಯನ್ನು ಕಪ್ಪು ಮಾಡುವುದು. ಹಾಗಾಗಿ ಬಾಯಿತುದಿ ಸಲೀಸಾಗಿ ಕಳಚಿ ಬಂದರೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ. ಬರದಿದ್ದರೆ ಬಲವಂತ ಮಾಡಬೇಡಿ. ಮೀರ್‌ಶಮ್ ಅನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಕಲೆ ಹೋಗುವುದಿಲ್ಲ.

ಕೊನೆಯ ಕೆಲಸ, ಪ್ರತಿ ಪೈಪಿಗೂ ಒಂದು ಚೀಟಿ. ಎಲ್ಲಿ ಸಿಕ್ಕಿತು, ಯಾರು ಏನು ಹೇಳಿದರು, ನೀವು ಕಣ್ಣಾರೆ ಕಂಡದ್ದು ಏನು, ಮೂರನ್ನೂ ಬೇರೆ ಬೇರೆ ಬರೆಯಿರಿ. ಕೇಳಿದ್ದನ್ನು ಕಂಡದ್ದರ ಜೊತೆ ಬೆರೆಸಬೇಡಿ. ಕಂಕನಾಡಿಯ ಪೈಪಿನ ಚೀಟಿಯಲ್ಲಿ ನಾನು ಹೀಗೆ ಬರೆದಿದ್ದೇನೆ: "ಅಟ್ಟದ ಬಿಸ್ಕೆಟ್ ಡಬ್ಬಿಯಲ್ಲಿ ಸಿಕ್ಕಿದ್ದು. ಬಸ್ರಾ, ಮೊದಲ ಯುದ್ಧ ಎಂದು ಮನೆಯ ಸೊಸೆ ಹೇಳಿದ್ದು. ಬ್ರಯರ್, ಎಡಗಡೆ ಹಲ್ಲಿನ ಗುರುತು. ಬೆಳ್ಳಿ ಮುದ್ರೆ ಇತ್ತು, ನನ್ನ ಕೈಗೆ ಬಂದ ಮೇಲೆ ಅಳಿಸಿತು."