ಮಗುವಿನ ಕ್ಯಾನ್ಸರ್ ಚಿಕಿತ್ಸೆಗೆ ಊರು ಬಿಟ್ಟು ಬಂದವರು ವಸತಿ ಗೊತ್ತುಮಾಡಿಕೊಳ್ಳುವ ಬಗೆ

ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಮಗುವನ್ನು ಕರೆದುಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ತಂದೆತಾಯಿ ಸಾಮಾನ್ಯವಾಗಿ ಎರಡು ದಿನಕ್ಕಾಗುವಷ್ಟು ಬಟ್ಟೆಯನ್ನಷ್ಟೇ ತಂದಿರುತ್ತಾರೆ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅದರಲ್ಲೂ ಮೊದಲ ಕೆಲವು ತಿಂಗಳು ಕೀಮೋ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ, ತೀವ್ರವಾಗಿರುವುದರಿಂದ ಆಸ್ಪತ್ರೆಗೆ ಪದೇ ಪದೇ ಹೋಗಬೇಕಾಗುತ್ತದೆ. ಆದ್ದರಿಂದ ವಸತಿಯ ಪ್ರಶ್ನೆಯನ್ನು ಚಿಕಿತ್ಸೆಯ ಒಂದು ಭಾಗವೆಂದೇ ತಿಳಿದು, ಔಷಧಿ ಆರಂಭವಾಗುವ ಮೊದಲೇ ಕೇಳಬೇಕು.

ಹತ್ತಿರದಲ್ಲೇ ಇರಬೇಕೆನ್ನುವುದಕ್ಕೆ ಮುಖ್ಯ ಕಾರಣ ಜ್ವರ. ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳು ಕೀಮೋದಿಂದ ಇಳಿದಿರುವಾಗ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ತುರ್ತು ಸ್ಥಿತಿಯೆಂದು ಪರಿಗಣಿಸಿ, ಬೆಳಗಾಗಲೆಂದು ಕಾಯದೆ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕು. ವೈದ್ಯರನ್ನು ಕೇಳದೆ ಜ್ವರದ ಮಾತ್ರೆಯನ್ನೂ ಕೊಡಬಾರದು. ಹಾಗಾಗಿ ಊರಂಚಿನಲ್ಲಿ ಅಗ್ಗಕ್ಕೆ ಸಿಗುವ ಕೋಣೆಗಿಂತ, ನಡುರಾತ್ರಿಯಲ್ಲೂ ಆಟೊದಲ್ಲಿ ಬೇಗ ತಲುಪಬಹುದಾದ ಚಿಕ್ಕ ಕೋಣೆಯೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳಬೇಕಾದದ್ದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು. ಧರ್ಮಶಾಲೆಗಳಲ್ಲಿ ಮತ್ತು ಸೇವಾ ಸಂಸ್ಥೆಗಳ ಮನೆಗಳಲ್ಲಿ ನೇರವಾಗಿ ಹೋದವರಿಗಿಂತ ಆಸ್ಪತ್ರೆಯಿಂದ ಪತ್ರ ತಂದವರಿಗೆ ಜಾಗ ಸಿಗುವುದು ಸುಲಭ. ಮಗುವಿನ ಮತ್ತು ಪೋಷಕರ ಆಧಾರ್, ಪಡಿತರ ಚೀಟಿ, ಆಸ್ಪತ್ರೆಯ ನೋಂದಣಿ ಸಂಖ್ಯೆ, ಇಬ್ಬರ ಭಾವಚಿತ್ರ, ಇವುಗಳ ಮೂರು ನಾಲ್ಕು ಪ್ರತಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡಿರಿ. ಇಂದು ಜಾಗವಿಲ್ಲವೆಂದರೆ ಹೆಸರು ಬರೆಸಿ ಬನ್ನಿ, ಮತ್ತೆ ಮತ್ತೆ ವಿಚಾರಿಸಿ; ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಜಾಗ ಸಿಕ್ಕಾಗ ಬಾಡಿಗೆಯ ಜೊತೆಗೆ ಇನ್ನೂ ಕೆಲವನ್ನು ನೋಡಬೇಕು. ಅಡುಗೆ ಮಾಡಿಕೊಳ್ಳಲು ಅನುಮತಿ ಇದೆಯೇ, ಶೌಚಾಲಯವನ್ನು ಎಷ್ಟು ಕುಟುಂಬಗಳು ಹಂಚಿಕೊಳ್ಳುತ್ತವೆ, ತಾಯಿ ತಂದೆ ಇಬ್ಬರೂ ಉಳಿಯಬಹುದೇ, ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಬೇಕು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಇವುಗಳಲ್ಲಿ ಅಡುಗೆಯ ಅನುಕೂಲವೇ ದೊಡ್ಡದು, ಏಕೆಂದರೆ ಈ ಮಕ್ಕಳಿಗೆ ಆಗತಾನೇ ಬೇಯಿಸಿದ ಊಟ ಮತ್ತು ಕುದಿಸಿ ಆರಿಸಿದ ನೀರು ಬೇಕು. ಬಾಯಿ ಹುಣ್ಣಾಗಿ ಏನೂ ಸೇರದ ದಿನ ಅಮ್ಮನ ಕೈಯ ಮೆತ್ತನೆಯ ಅನ್ನವನ್ನೋ ರಾಗಿ ಗಂಜಿಯನ್ನೋ ಮಗು ಎರಡು ತುತ್ತು ತಿಂದೀತು, ಹೋಟೆಲಿನದನ್ನು ಮುಟ್ಟಲಾರದು.

ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯವರಲ್ಲಿ ಹಲವರು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ. 2006ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಬೇರೆ ನಗರಗಳಿಗೂ ಹಬ್ಬಿರುವ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್, ಕ್ಯಾನ್ಸರ್ ಇರುವ ಬಡ ಮಕ್ಕಳ ಕುಟುಂಬಕ್ಕೆ ಉಚಿತ ವಸತಿ ಕೊಡುತ್ತದೆ. ಅಲ್ಲಿಗೂ ಆಸ್ಪತ್ರೆಯ ಮೂಲಕವೇ ಹೋಗಬೇಕು.

ಓಡಾಟದ ಖರ್ಚಿಗೂ ದಾರಿಗಳಿವೆ. ರೈಲಿನ ಸ್ಲೀಪರ್ ಮತ್ತು ತೃತೀಯ ದರ್ಜೆ ಎಸಿ ಬೋಗಿಗಳಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75ರಷ್ಟು ರಿಯಾಯಿತಿ ಇದ್ದು, ಅದಕ್ಕೆ ವೈದ್ಯರ ಸಹಿ ಮತ್ತು ಆಸ್ಪತ್ರೆಯ ಮೊಹರು ಇರುವ ನಮೂನೆ ಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಕರ್ನಾಟಕದ ತಾಯಂದಿರು ರಾಜ್ಯದೊಳಗೆ ವೇಗದೂತ ಬಸ್ಸಿನಲ್ಲಿ ಉಚಿತವಾಗಿ ಹೋಗಬಹುದು, ಆದರೆ ಮಗುವಿನ ರಕ್ತಕಣಗಳು ಇಳಿದಿರುವ ವಾರ ಕಿಕ್ಕಿರಿದ ಬಸ್ಸು ತಕ್ಕದ್ದಲ್ಲ. ಚಿಕಿತ್ಸೆಯ ವೆಚ್ಚಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಉಳಿದ ಕೈಖರ್ಚು, ಅಂದರೆ ಬಾಡಿಗೆ, ಆಟೊ, ಹಾಲು, ನಿಂತುಹೋದ ಕೂಲಿ, ಇವೇ ಬಹಳ ಮಂದಿಯನ್ನು ಅರ್ಧದಲ್ಲಿ ಊರಿಗೆ ಮರಳಿಸುತ್ತವೆ. ಹಣ ಮುಗಿಯುತ್ತಾ ಬಂದಿದೆ ಎನಿಸಿದ ದಿನವೇ ಸಮಾಜ ಕಾರ್ಯಕರ್ತರಿಗೆ ಬಾಯಿಬಿಟ್ಟು ಹೇಳಿ. ಹೇಳದೆ ಹೊರಟುಹೋದರೆ ಅವರು ಏನೂ ಮಾಡಲಾರರು.

ನಡುವೆ ಊರಿಗೆ ಹೋಗಿಬರಲು ವೈದ್ಯರು ಒಪ್ಪಿದರೆ ಥರ್ಮಾಮೀಟರ್, ಚಿಕಿತ್ಸೆಯ ಕಡತ, ವಾರ್ಡಿನ ದೂರವಾಣಿ ಸಂಖ್ಯೆ ಮೂರನ್ನೂ ಜೊತೆಗೆ ಒಯ್ಯಿರಿ, ಮತ್ತು ಹಿಂದಿರುಗುವ ದಿನವನ್ನು ಧರ್ಮಶಾಲೆಯವರಿಗೆ ಬರೆದುಕೊಟ್ಟು ಹೊರಡಿ.